ತಿರಿತಿರಿ ದ್ವೀಪದವರಿಗೆ, ಆ ರಾತ್ರಿ ಎಚ್ಚರವಿದ್ದವರಿಗೆ

ನಿನ್ನೆ ನ್ಯೂಜಿಲೆಂಡಿನ ಆಕ್ಲೆಂಡ್ ಬಳಿಯ ತಿರಿತಿರಿ ಮಾತಾಂಗಿ ದ್ವೀಪದಲ್ಲಿ ಮೊದಲ ಸಲ ಸ್ವಯಂಸೇವಕ ಮಾರ್ಗದರ್ಶಿಯಾಗಿ ಶಾಲಾ ಮಕ್ಕಳ ತಂಡವೊಂದನ್ನು ಸುತ್ತಾಡಿಸಿದೆ. ಟಕಾಹೆ ಹಕ್ಕಿಯನ್ನು ಕಂಡ ಹುಡುಗನೊಬ್ಬ ‘ನೀಲಿ ಕೋಳಿ’ ಎಂದು ಕೂಗಿದ. ತಿದ್ದುವ ಮನಸ್ಸಾಗಲಿಲ್ಲ.

ತರಬೇತಿ ಕೊಟ್ಟ ದ್ವೀಪದ ಬೆಂಬಲಿಗರ ಸಂಘಕ್ಕೆ, ಸಂರಕ್ಷಣಾ ಇಲಾಖೆಯ ರೇಂಜರ್‌ಗಳಿಗೆ, ವಾರಾಂತ್ಯಗಳಲ್ಲಿ ಮಗಳನ್ನು ನೋಡಿಕೊಂಡ ಆಕ್ಲೆಂಡಿನ ಕನ್ನಡದ ಮನೆಗಳಿಗೆ, ಬೆಳಗಿನ ಜಾವ ಎದ್ದು ಬುತ್ತಿ ಕಟ್ಟಿಕೊಟ್ಟ ನಮ್ಮವರಿಗೆ ಧನ್ಯವಾದ. ಒಬ್ಬರ ಬಗ್ಗೆ ಮಾತ್ರ ಹೆಚ್ಚು ಬರೆಯಬೇಕು. ಹೆಸರು ಹಾಕಿದರೆ ಅವರಿಗೆ ಸಿಟ್ಟು ಬರುತ್ತದೆ, ಹಾಗಾಗಿ ಹಾಕುವುದಿಲ್ಲ.

ಅಮ್ಮ ತೀರಿಕೊಂಡರೆಂದು ಮೈಸೂರಿನಿಂದ ಬಂದ ಸುದ್ದಿ ನಿಮಗೆಲ್ಲ ಗೊತ್ತು. ಅದು ಬಂದಾಗ ನಾನು ದ್ವೀಪದ ಬಂಕ್‌ಹೌಸ್‌ನಲ್ಲಿದ್ದೆ. ಗಾಳಿ ಎದ್ದು ಫೆರ್ರಿ ರದ್ದಾಗಿತ್ತು. ಆ ಹಿರಿಯ ಮಹಿಳೆ ಅಡುಗೆಮನೆಯ ಮೇಜಿನ ಎದುರು ಬಂದು ಕುಳಿತರು. ಸಮಾಧಾನ ಹೇಳಬೇಡಿ, ಬೇರೆ ಏನಾದರೂ ಹೇಳಿ ಎಂದೆ. ಬೆಳಗಿನವರೆಗೂ ಹೇಳಿದರು.

ದನ ಕುರಿ ಮೇಯ್ದು ಬೋಳಾಗಿದ್ದ ಗುಡ್ಡಗಳ ಕಥೆ. 1984ರಿಂದ ಹತ್ತು ವರ್ಷ ಜನ ದೋಣಿಯಲ್ಲಿ ಬಂದು ಎರಡೂವರೆ ಲಕ್ಷಕ್ಕೂ ಹೆಚ್ಚು ಸಸಿ ನೆಟ್ಟ ಕಥೆ. ಆಗ ಅವರ ಕೈಯಲ್ಲೂ ಒಂದು ಗುದ್ದಲಿ. ಪೊಹುಟುಕಾವಾ ಮರಗಳನ್ನು ತೀರಾ ಒತ್ತಾಗಿ ನೆಟ್ಟು, ಅವುಗಳ ನೆರಳಿನಲ್ಲಿ ಬೇರೇನೂ ಏಳದೆ, ಆಮೇಲೆ ಕೆಲವನ್ನು ಕಡಿಯಬೇಕಾಗಿ ಬಂದದ್ದನ್ನು ಹೇಳುವಾಗ ಅವರಿಗೇ ನಗು. 1993ರಲ್ಲಿ ಆಕಾಶದಿಂದ ವಿಷ ಉದುರಿಸಿ ಇಲಿಗಳನ್ನು ಮುಗಿಸಿದ್ದು. ಹೌಟುರು ದ್ವೀಪವೊಂದರಲ್ಲೇ ಉಳಿದಿದ್ದ ಹಿಹಿ ಹಕ್ಕಿಗಳನ್ನು 1995ರಲ್ಲಿ ಇಲ್ಲಿಗೆ ತಂದದ್ದು. ಎಳೆಯ ಮರಗಳಲ್ಲಿ ಗೂಡಿಗೆ ಪೊಟರೆ, ಸಾಕಷ್ಟು ಮಕರಂದ ಎಲ್ಲಿಂದ ಬರಬೇಕು? ಅದಕ್ಕೇ ಮರದ ಗೂಡುಪೆಟ್ಟಿಗೆ, ಅದಕ್ಕೇ ಸಕ್ಕರೆ ನೀರು.

ಅಮ್ಮನ ಮುಖ ನೋಡಲಾಗಲಿಲ್ಲ. ಫೆರ್ರಿ ಬಂದಿದ್ದರೂ ತಲುಪುತ್ತಿರಲಿಲ್ಲ, ಗಂಟೆ ಗಂಟೆಯಾಗಿ ಲೆಕ್ಕ ಹಾಕಿದ್ದೇನೆ. ಲೆಕ್ಕದಿಂದ ಹೊಟ್ಟೆಯ ಉರಿ ಆರುವುದಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಸಮುದ್ರದ ಮೇಲೆ ಮಾಡಿದೆ.

ಬೆಳಕು ಹರಿದಾಗ ಅವರು ನನ್ನ ಕೈಗೆ ಬಾಟಲಿ ತೊಳೆಯುವ ಬ್ರಷ್ ಇಟ್ಟರು. ಹಿಹಿಗಳಿಗೆ ಸಕ್ಕರೆ ನೀರು ತುಂಬುವ ಬಾಟಲಿಗಳು; ಒಳಗೆ ಅಂಟು ಉಳಿದರೆ ಬೂಷ್ಟು ಹಿಡಿಯುತ್ತದೆ, ಹಕ್ಕಿಗೆ ರೋಗ ಬರುತ್ತದೆ. ಮೂಲೆಯಲ್ಲಿ ಉಳಿದ ಜಿಡ್ಡನ್ನು ತೋರಿಸಿ ಎರಡನೆಯ ಸಲ ತೊಳೆಸಿದರು. ಆ ದಿನ ನನಗೆ ಅಂಥ ಗದರಿಕೆಯೇ ಬೇಕಾಗಿತ್ತು. ಊರಿಗೆ ಹೋಗಿ ಬಂದ ಮೇಲೆ ಮಾರ್ಗದರ್ಶಿ ತರಬೇತಿಗೆ ನನ್ನ ಹೆಸರು ಬರೆಸಿದವರೂ ಅವರೇ, ನನ್ನನ್ನು ಕೇಳದೆ.

ಬೇಸಿಗೆಯಲ್ಲಿ ದ್ವೀಪಕ್ಕೆ ಬರುತ್ತೇವೆಂದ ಗೆಳೆಯರೇ, ಖಂಡಿತ ಬನ್ನಿ. ಶೂಗಳ ಅಡಿಯ ಮಣ್ಣು, ಬೀಜ ಉಜ್ಜಿ ತೆಗೆಯಿರಿ. ಚೀಲದಲ್ಲಿ ಇಲಿ, ಇರುವೆ ಇಲ್ಲವೆಂದು ನೋಡಿಕೊಳ್ಳಿ. ಚಕ್ಕುಲಿ ತರುವವರು ಬಿಗಿ ಮುಚ್ಚಳದ ಡಬ್ಬಿಯಲ್ಲೇ ತನ್ನಿ. ಆ ಹಿರಿಯರಿಗೂ ಒಂದು ಪಾಲು ಇರಲಿ, ಖಾರ ಕಡಿಮೆ.