ಎರಡು ಎಪಿಸೋಡ್‌ಗೇ ತೀರ್ಪು ಕೊಟ್ಟೋರು, ಸುಮ್ನೆ ಎದ್ದು ಹೋದೋರು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ಸಿನಿಮಾ ಪುಟವನ್ನ ತಪ್ಪದೇ ಓದೋರಲ್ಲಿ ನಾನೂ ಒಬ್ಬ, ಅದಕ್ಕೇ ಈ ಪತ್ರ. ದೊಡ್ಡ ಬಜೆಟ್ಟಿನ ಫ್ಯಾಂಟಸಿ ಸೀರೀಸ್ ಯಾವ್ದೇ ಬರ್ಲಿ, ಮೊದಲ ಒಂದೆರಡು ಎಪಿಸೋಡ್ ಬಂದ ಮಾರನೇ ದಿನ ಆ ಪುಟದಲ್ಲಿ ಒಂದು ಸುದ್ದಿ ಇದ್ದೇ ಇರುತ್ತೆ. 'ಅಭಿಮಾನಿಗಳು ಗರಂ' ಅಂತಲೋ 'ನೋಡುಗರು ಫಿದಾ' ಅಂತಲೋ ಹೆಡ್ಡಿಂಗು, ಒಳಗೆ ಓದಿದ್ರೆ ಸೋಷಿಯಲ್ ಮೀಡಿಯಾದಿಂದ ಎತ್ತಿದ ನಾಲ್ಕೈದು ಪೋಸ್ಟು, ಅಷ್ಟೇ. ಕಥೆ ಏನು, ಎಲ್ಲಿ ಚೆನ್ನಾಗಿತ್ತು, ಎಲ್ಲಿ ಬೋರ್ ಹೊಡೀತು, ಒಂದೂ ಇರಲ್ಲ. ಬರೆದವರು ಆ ಎಪಿಸೋಡ್ ನೋಡಿದಾರಾ ಇಲ್ವಾ ಅನ್ನೋದೂ ಗೊತ್ತಾಗಲ್ಲ. ಇಂಥ ಸುದ್ದಿಯನ್ನ ವೀಕ್ಷಕರ ಅಭಿಪ್ರಾಯ ಅಂತ ದಯವಿಟ್ಟು ಹಾಕ್ಬೇಡಿ ಅಂತ ಕೇಳ್ಕೊಳ್ಳೋಕೆ ಬರೀತಿದೀನಿ. ಯಾಕೆ ಅನ್ನೋದನ್ನ ಒಂದು ಸೀರೀಸ್ ಇಟ್ಕೊಂಡು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಕತ್ತರಿ ಹಾಕದೆ ಪ್ರಕಟಿಸಿದ್ರೆ ಉಪಕಾರ.

2022ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ 'ದಿ ರಿಂಗ್ಸ್ ಆಫ್ ಪವರ್' ಬಂದಿದ್ದು ಬಹಳ ಜನಕ್ಕೆ ನೆನಪಿರಬೇಕು, ಕನ್ನಡಕ್ಕೂ ಡಬ್ ಆಗಿತ್ತು. ಇಂಗ್ಲಿಷ್ ಲೇಖಕ ಜೆ.ಆರ್.ಆರ್. ಟೋಲ್ಕಿನ್ ಅವ್ರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಗಿಂತ ಸಾವಿರಾರು ವರ್ಷ ಹಿಂದೆ, ಮಾಯದ ಉಂಗುರಗಳು ತಯಾರಾದ ಕಾಲದ ಕಥೆ ಅದು. 2017ರಲ್ಲಿ ಬರೀ ಟಿವಿ ಹಕ್ಕಿಗೇ ಸುಮಾರು 25 ಕೋಟಿ ಡಾಲರ್ ಸುರಿದಿದ್ರು ಅಂತ ವರದಿಯಾಗಿತ್ತು, ಅದಾದ್ಮೇಲೆ ನ್ಯೂಜಿಲೆಂಡ್‌ನಲ್ಲಿ ಮೊದಲ ಸೀಸನ್‌ನ 8 ಎಪಿಸೋಡ್ ತೆಗೆಯೋಕೆ 46 ಕೋಟಿ ಡಾಲರ್ ಹತ್ತತ್ರ ಹೋಯ್ತು. ಮೊದಲೆರಡು ಎಪಿಸೋಡ್ ಒಟ್ಟಿಗೇ ಬಿಟ್ರು, ಎರಡಕ್ಕೂ ನಿರ್ದೇಶಕ ಸ್ಪೇನ್‌ನ ಜೆ.ಎ. ಬಯೋನಾ. ಮೊದಲ ದಿನ ಜಗತ್ತಿನಾದ್ಯಂತ 2.5 ಕೋಟಿ ಜನ ನೋಡಿದ್ರು, ಇದು ನಮ್ಮ ದಾಖಲೆ ಅಂತ ಕಂಪನಿ ಹೇಳ್ಕೊಳ್ತು. ಅದೇ ಹೊತ್ತಿಗೆ ರಿವ್ಯೂಗಳನ್ನ ಒಟ್ಟು ಹಾಕೋ ರಾಟನ್ ಟೊಮ್ಯಾಟೋಸ್ ವೆಬ್‌ಸೈಟಲ್ಲಿ ವಿಮರ್ಶಕರ ಸ್ಕೋರ್ ನೂರಕ್ಕೆ 80ರ ಮೇಲಿದ್ರೆ ವೀಕ್ಷಕರ ಸ್ಕೋರ್ 40ರ ಕೆಳಗೆ ಬಿದ್ದಿತ್ತು. ಗುಂಪು ಕಟ್ಕೊಂಡು ಬಂದು ಒಂದು ಸ್ಟಾರ್ ಒತ್ತಿ ಹೋಗೋರ ಕಾಟ ತಡೆಯೋಕೆ ಅಂತ ಅಮೆಜಾನ್ ತನ್ನ ಸೈಟಿಗೆ ಬಂದ ರಿವ್ಯೂಗಳನ್ನ 72 ಗಂಟೆ ಹಿಡಿದಿಟ್ಟು ಆಮೇಲೆ ಬಿಡೋ ಪದ್ಧತಿ ಮಾಡ್ತು. ಒಂದೇ ವಾರಾಂತ್ಯದಲ್ಲಿ ಪತ್ರಿಕೆಗಳಿಗೆ ಎರಡು ಹೆಡ್ಡಿಂಗ್ ರೆಡಿ, ದಾಖಲೆ ವೀಕ್ಷಣೆ ಅಂತ ಒಂದು, ಅಭಿಮಾನಿಗಳ ಆಕ್ರೋಶ ಅಂತ ಇನ್ನೊಂದು. ಎರಡೂ ಸುಳ್ಳಲ್ಲ. ಆದ್ರೆ ಎರಡನ್ನೂ ಓದಿದೋರಿಗೆ ಆ ಎಪಿಸೋಡ್ ಹೇಗಿತ್ತು ಅಂತ ಮಾತ್ರ ಗೊತ್ತಾಗ್ಲಿಲ್ಲ.

ಆ ಆಕ್ರೋಶದ ಒಳಗೆ ಏನೇನಿತ್ತು ಅಂತ ಬಿಡಿಸಿ ನೋಡೋಣ. ಅದರಲ್ಲಿ ಒಂದು ಪಾಲು ಬರೀ ಮೈಬಣ್ಣದ ಮೇಲಿನ ದ್ವೇಷ, ಇದನ್ನ ಮುಚ್ಚುಮರೆ ಇಲ್ಲದೆ ಹೇಳ್ಲೇಬೇಕು. ಅರೊಂಡಿರ್ ಅನ್ನೋ ಎಲ್ಫ್ (ಸಾವಿಲ್ಲದ ಜನಾಂಗದವನು) ಪಾತ್ರ ಮಾಡಿದ ಇಸ್ಮಾಯೆಲ್ ಕ್ರೂಸ್ ಕೊರ್ಡೋವಾ, ಬೆಟ್ಟದೊಳಗೆ ಬದುಕೋ ಕುಳ್ಳ ಜನಾಂಗವಾದ ಡ್ವಾರ್ಫ್‌ಗಳ ರಾಜಕುಮಾರಿ ಡೀಸಾ ಆಗಿದ್ದ ಸೋಫಿಯಾ ನೋಮ್ವೆಟೆ, ಹಾರ್ಫೂಟ್ ಅನ್ನೋ ಪುಟ್ಟ ಜನರ ಹಿರಿಯನಾಗಿದ್ದ ಲೆನ್ನಿ ಹೆನ್ರಿ, ಇವ್ರ ಫೋಟೋ ಹೊರಗೆ ಬಂದಾಗಿಂದ್ಲೇ, ಅಂದ್ರೆ ಸೀರೀಸ್ ಬರೋಕೆ ತಿಂಗಳುಗಟ್ಟಲೆ ಮುಂಚೆನೇ ಬೈಗುಳ ಶುರುವಾಗಿತ್ತು. ನೋಡದೇ ಬೈದೋರು ವೀಕ್ಷಕರು ಹೇಗಾಗ್ತಾರೆ ಹೇಳಿ. ಅವ್ರು ಕೊಡ್ತಿದ್ದ ಕಾರಣ ಮೂಲ ಪುಸ್ತಕಕ್ಕೆ ನಿಷ್ಠೆ ಅಂತ. ಸರಿ, ಪುಸ್ತಕವನ್ನೇ ತೆಗೆದು ನೋಡಿ, ಟೋಲ್ಕಿನ್ ಅವ್ರು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಶುರುವಿನ ಭಾಗದಲ್ಲೇ ಹಾಬಿಟ್‌ಗಳಲ್ಲಿ ಹಾರ್ಫೂಟ್ ಪಂಗಡದವರು ಹೆಚ್ಚು ಕಂದು ಮೈಬಣ್ಣದವರು ಅಂತ ಸ್ಪಷ್ಟವಾಗಿ ಬರೆದಿದಾರೆ. ಆ ಒಂದು ಸಾಲು ಓದಿದ್ರೂ ಸಾಕಿತ್ತು ಲೆನ್ನಿ ಹೆನ್ರಿಗೆ ಅಷ್ಟು ಮಾತು ಕೇಳೋ ಪರಿಸ್ಥಿತಿ ಬರ್ತಿರ್ಲಿಲ್ಲ. ಕೊನೆಗೆ ಸೀರೀಸ್ ತಂಡದವರೇ ಬಹಿರಂಗವಾಗಿ ಹೇಳಿಕೆ ಕೊಡ್ಬೇಕಾಯ್ತು, ಹಳೇ 'ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾಗಳಲ್ಲಿ ಹಾಬಿಟ್ ಆಗಿದ್ದ ಎಲೈಜಾ ವುಡ್, ಶಾನ್ ಆಸ್ಟಿನ್, ಬಿಲ್ಲಿ ಬಾಯ್ಡ್, ಡಾಮಿನಿಕ್ ಮೋನಾಗನ್ ಎಲ್ರೂ ಬೇರೆಬೇರೆ ಮೈಬಣ್ಣದ ಕಿವಿಗಳ ಚಿತ್ರ ಇರೋ ಬಟ್ಟೆ, ಟೋಪಿ ಹಾಕ್ಕೊಂಡು ಇವ್ರ ಬೆನ್ನಿಗೆ ನಿಂತ್ರು. ನೋಡಿ ನಿಜವಾಗ್ಲೂ ಖುಷಿಯಾಯ್ತು.

ಆದ್ರೆ ನನ್ನ ಸಂಕಟ ಇರೋದು ಇದರಾಚೆಗೆ. ಈ ಗಲಾಟೆಯಲ್ಲಿ ಎರಡೂ ಎಪಿಸೋಡನ್ನ ಕೂತು ನೋಡಿ, ಮನಸ್ಸಿಟ್ಟು ಬೇಜಾರು ಮಾಡ್ಕೊಂಡೋರ ಮಾತು ಪೂರ್ತಿ ಮುಳುಗಿಹೋಯ್ತು. ಅಂಥೋರು ಬೇಕಾದಷ್ಟು ಜನ ಇದ್ರು. ಉದಾಹರಣೆಗೆ ಡೀಸಾಗೆ ಗಡ್ಡ ಯಾಕಿಲ್ಲ ಅಂತ ಕೇಳಿದೋರು. ಕೇಳೋಕೆ ತಮಾಷೆ ಪ್ರಶ್ನೆ ಅನ್ಸುತ್ತೆ, ಆದ್ರೆ ಡ್ವಾರ್ಫ್ ಹೆಂಗಸರು ನೋಟದಲ್ಲೂ ದನಿಯಲ್ಲೂ ಗಂಡಸರ ಥರಾನೇ, ಹೊರಗಿನವರಿಗೆ ವ್ಯತ್ಯಾಸವೇ ಗೊತ್ತಾಗಲ್ಲ ಅಂತ ಪುಸ್ತಕದ ಅನುಬಂಧದಲ್ಲೇ ಇದೆ, ಪ್ರಶ್ನೆ ಕೇಳಿದೋರು ಓದಿಕೊಂಡು ಕೇಳಿದೋರು. ಅದೇ ಡೀಸಾ ಮೇಲೆ ಮೈಬಣ್ಣಕ್ಕೆ ಬಂದ ಬೈಗುಳವೂ ಇವ್ರ ಪ್ರಶ್ನೆಯೂ ಒಂದೇ ಸುದ್ದಿಯ ಒಂದೇ ಪ್ಯಾರಾದಲ್ಲಿ ಬಂತು. ಇನ್ನು ಕಾಲದ ಲೆಕ್ಕ. ಟೋಲ್ಕಿನ್ ಲೆಕ್ಕದ ಪ್ರಕಾರ ಉಂಗುರಗಳು ತಯಾರಾಗೋದು ಅವ್ರ ಕಾಲ್ಪನಿಕ ಲೋಕದ ಎರಡನೇ ಯುಗದ 1500, 1600ನೇ ವರ್ಷದ ಆಸುಪಾಸು, ಮನುಷ್ಯರ ನಾಡಾದ ನೂಮೆನೋರ್ ದ್ವೀಪ ಮುಳುಗೋದು 3319ರಲ್ಲಿ, ನಡುವೆ ಸಾವಿರಾರು ವರ್ಷ. ಸೀರೀಸ್‌ನವರು ಇದನ್ನೆಲ್ಲ ಒಬ್ಬ ಮನುಷ್ಯನ ಆಯಸ್ಸಿನೊಳಗೆ ತುರುಕಿದ್ರು. ಸಾವೇ ಇಲ್ಲದ ಎಲ್ಫ್‌ಗಳ ಕಣ್ಣೆದುರು ಮನುಷ್ಯರ ತಲೆಮಾರುಗಳು ಬಂದು ಹೋಗ್ತಾ ಇರೋದೇ ಆ ಕಥೆಯ ಜೀವ, ಅದನ್ನ ಕುಗ್ಗಿಸಿದ್ರೆ ಉಳಿಯೋದೇನು ಅಂತ ಕೇಳಿದೋರಿಗೆ ಯಾರೂ ಸರಿಯಾಗಿ ಉತ್ತರ ಕೊಡ್ಲಿಲ್ಲ. ತಯಾರಕರಿಗೂ ಒಂದು ಕಷ್ಟ ಇತ್ತು ಅನ್ನಿ, ಅವ್ರ ಕೈಯಲ್ಲಿದ್ದ ಹಕ್ಕು ಮುಖ್ಯ ಕಾದಂಬರಿ, ಅದರ ಅನುಬಂಧ ಮತ್ತೆ 'ದಿ ಹಾಬಿಟ್' ಇಷ್ಟಕ್ಕೇ, ಆ ಪುರಾತನ ಕಾಲದ ಕಥೆಗಳೆಲ್ಲ ವಿವರವಾಗಿ ಇರೋ 1977ರ 'ದಿ ಸಿಲ್ಮರಿಲಿಯನ್' ಅವ್ರಿಗೆ ಸಿಕ್ಕಿರ್ಲಿಲ್ಲ. ಇಂಥ ವಿಷಯ ಓದುಗರಿಗೆ ತಿಳಿಸೋ ಕೆಲಸ ಪತ್ರಿಕೆದ್ದಲ್ವಾ ಸರ್?

ಎಪಿಸೋಡ್‌ಗಳ ಒಳಗೂ ಕೇಳ್ಬೇಕಾದ ಪ್ರಶ್ನೆ ಇದ್ವು. ಮೊದಲ ಎಪಿಸೋಡ್ ಕೊನೇಲಿ ಕಥಾನಾಯಕಿ, ಎಲ್ಫ್ ಯೋಧೆ ಗ್ಯಾಲಾಡ್ರಿಯಲ್ ಹಡಗಿಂದ ಸಮುದ್ರಕ್ಕೆ ಹಾರ್ತಾಳೆ, ಸ್ವರ್ಗದಂಥ ನಾಡಿನ ಬಾಗಿಲ ಹತ್ರಾನೇ ಹೋಗಿ ಬೇಡ ಅಂತ ವಾಪಸ್, ಅದೂ ಈಜಿಕೊಂಡು. ಇಡೀ ಸಾಗರ ಎದುರಿಗಿದೆ. ಅವಳ ಹಠ ತೋರ್ಸೋಕೆ ಒಳ್ಳೇ ಸೀನೇ, ಆದ್ರೆ ಅವಳು ಹೇಗೆ ದಡ ಸೇರ್ಬೇಕು ಅಂತಿದ್ಲು ಅನ್ನೋ ಯೋಚನೆ ಬರೆದವರಿಗೆ ಬಂದ ಹಾಗೇ ಕಾಣಲ್ಲ, ಎರಡನೇ ಎಪಿಸೋಡಲ್ಲಿ ನಡು ಸಮುದ್ರದಲ್ಲಿ ಒಂದು ತೆಪ್ಪ ತಾನಾಗಿ ಎದುರಾಗುತ್ತೆ. ಮೊದಲ ಎಪಿಸೋಡ್ ಶುರುವಲ್ಲಿ ಅವಳ ಅಣ್ಣ ಫಿನ್ರಾಡ್ ಪುಟ್ಟ ತಂಗಿಗೆ ದೋಣಿ ಯಾಕೆ ತೇಲುತ್ತೆ ಕಲ್ಲು ಯಾಕೆ ಮುಳುಗುತ್ತೆ ಅಂತ ಹೇಳೋ ಮಾತೂ ಅಷ್ಟೇ, ಕೇಳೋಕೆ ಭಾರವಾಗಿದೆ, ಎರಡು ಸಲ ಯೋಚಿಸಿದ್ರೆ ಒಳಗೆ ಏನೂ ಸಿಗಲ್ಲ. ಇದನ್ನ ಹೇಳಿದ್ರೆ ನೀನೂ ಆ ದ್ವೇಷದ ಗುಂಪಿನವನಾ ಅಂತ ಕೇಳೋ ಕಾಲ ಬಂದಿತ್ತು. ಇಷ್ಟ ಆಗ್ಲಿಲ್ಲ ಅನ್ನೋಕೂ ಜನ ಹೆದರೋ ಹಾಗಾಯ್ತು, ಇಷ್ಟ ಆಯ್ತು ಅಂದ್ರೆ ಇನ್ನೊಂದು ಕಡೆಯವರು ದುಡ್ಡು ತಗೊಂಡು ಹೇಳ್ತಿದೀಯ ಅಂತ ಮುಗಿಬೀಳೋರು.

ಇಷ್ಟ ಆಗೋ ಅಂಥದ್ದೂ ಇತ್ತು, ಅದನ್ನೂ ಹೇಳ್ತೀನಿ. ಎರಡನೇ ಎಪಿಸೋಡಲ್ಲಿ ಎಲ್ರಾಂಡ್ ಅನ್ನೋ ಎಲ್ಫ್ ತನ್ನ ಹಳೇ ಗೆಳೆಯ, ಡ್ವಾರ್ಫ್ ರಾಜಕುಮಾರ ಡ್ಯೂರಿನ್‌ನ ನೋಡೋಕೆ ಬೆಟ್ಟದೊಳಗಿನ ಪಟ್ಟಣಕ್ಕೆ ಬರ್ತಾನೆ. ಅಪ್ಪಿಕೊಂಡು ಸ್ವಾಗತ ಮಾಡ್ತಾನೆ ಅಂದ್ಕೊಂಡು ಬಂದವನಿಗೆ ಮುಖಕ್ಕೇ ಬಾಗಿಲು ಹಾಕ್ತಾರೆ. ಒಳಗೆ ಹೋಗೋಕೆ ಬಂಡೆ ಒಡೆಯೋ ಪಂದ್ಯಕ್ಕೆ ಇಳೀಬೇಕಾಗುತ್ತೆ. ಸುತ್ತ ಜನ ಕೂಗ್ತಾ ಇರ್ತಾರೆ, ಡ್ಯೂರಿನ್ ಸುತ್ತಿಗೆ ಎತ್ತಿ ಎತ್ತಿ ಹೊಡೀತಾನೆ, ಅವನ ಮುಖದಲ್ಲಿ ನಗು ಇಲ್ಲ. ಆಮೇಲೆ ಇಬ್ರೇ ಇದ್ದಾಗ ಗೊತ್ತಾಗುತ್ತೆ ಸಿಟ್ಟು ಯಾಕೆ ಅಂತ, 20 ವರ್ಷ ಇವನು ತಲೆ ಹಾಕಿಲ್ಲ, ಡ್ಯೂರಿನ್ ಮದುವೆಗೆ ಬಂದಿಲ್ಲ, ಮಕ್ಕಳು ಹುಟ್ಟಿದಾಗ್ಲೂ ಬಂದಿಲ್ಲ. ಎಲ್ಫ್‌ಗೆ 20 ವರ್ಷ ರೆಪ್ಪೆ ಬಡಿಯೋ ಹೊತ್ತು, ಗೆಳೆಯನಿಗೆ ಅದೇ ಒಂದು ಸಂಸಾರ ಕಟ್ಟಿ ಬೆಳೆಸಿದ ಬದುಕು. ಎಲ್ರಾಂಡ್ ಮುಖದಲ್ಲಿ ಇದು ನಿಧಾನಕ್ಕೆ ಇಳಿಯೋದನ್ನ ರಾಬರ್ಟ್ ಅರಮಾಯೋ ಎಷ್ಟು ಚೆನ್ನಾಗಿ ಮಾಡಿದಾನೆ ಅಂದ್ರೆ ಮಾತೇ ಬೇಕಾಗಲ್ಲ. ಆಮೇಲೆ ಡ್ಯೂರಿನ್ ಹೆಂಡ್ತಿ ಡೀಸಾ ಬಂದು ಊಟಕ್ಕೆ ಕೂರಿಸ್ತಾಳೆ, ಅಲ್ಲಿ ನೋಡಿದ್ರೆ ಎಲ್ರಾಂಡ್ ಹಿಂದೆ ಯಾವತ್ತೋ ಕೊಟ್ಟಿದ್ದ ಗಿಡ ಇದೆ, ಬಿಸಿಲು ಕಾಣದ ಜಾಗದಲ್ಲಿ ಮರ ಆಗಿ ನಿಂತಿದೆ. ಮಾತು ಬಿಟ್ಟ ಗೆಳೆಯ ಗಿಡ ಮಾತ್ರ ಸಾಯೋಕೆ ಬಿಟ್ಟಿಲ್ಲ.

ಎಲ್ಫ್ ಮತ್ತು ಉಳಿದವರ ನಡುವಿನ ಕಾಲದ ವ್ಯತ್ಯಾಸ, ಅಂದ್ರೆ ನಾನು ಮೇಲೆ ಹೇಳಿದ ಆ ಕಥೆಯ ಜೀವ, ಈ ಒಂದು ಸೀನಲ್ಲಿ ಪೂರ್ತಿ ಬಂದಿತ್ತು. ಹಾಗಾದ್ರೆ ಅದನ್ನ ಇಷ್ಟು ಚೆನ್ನಾಗಿ ತೋರ್ಸೋಕೆ ಬರೋ ತಂಡ ಒಟ್ಟು ಕಥೆಯಲ್ಲಿ ಯಾಕೆ ಕೈಬಿಡ್ತು? ನನ್ನ ಪ್ರಕಾರ ಆ ಎರಡು ಎಪಿಸೋಡ್ ಬಗ್ಗೆ ಕೇಳ್ಬೇಕಾಗಿದ್ದ ಮುಖ್ಯ ಪ್ರಶ್ನೆನೇ ಇದು. 46 ಕೋಟಿ ಡಾಲರ್ ಲೆಕ್ಕ ಬರೆದ ಯಾವ ಸುದ್ದಿಯಲ್ಲೂ ಇಬ್ರು ಗೆಳೆಯರು ಕೂತು ಮಾತಾಡೋ ಈ ಸೀನಿನ ಮಾತೇ ನಾನು ನೋಡ್ಲಿಲ್ಲ.

ನಿಜವಾದ ಪ್ರತಿಕ್ರಿಯೆ ಬಂದಿದ್ದು ಬಹಳ ತಡವಾಗಿ, ಅದೂ ಸದ್ದೇ ಇಲ್ಲದೆ. 2023ರ ಏಪ್ರಿಲ್‌ನಲ್ಲಿ ಹಾಲಿವುಡ್ ರಿಪೋರ್ಟರ್ ಪತ್ರಿಕೆ ಒಂದು ವರದಿ ಮಾಡ್ತು, ಅಮೆರಿಕದಲ್ಲಿ ಈ ಸೀರೀಸ್ ಶುರು ಮಾಡಿದೋರಲ್ಲಿ 37 ಪರ್ಸೆಂಟ್ ಜನ ಮಾತ್ರ ಮೊದಲ ಸೀಸನ್ ಕೊನೇ ತನಕ ನೋಡಿದ್ರು, ಹೊರದೇಶಗಳಲ್ಲಿ 45 ಪರ್ಸೆಂಟ್ ಅಂತ. ಅಂದ್ರೆ ಅರ್ಧಕ್ಕಿಂತ ಹೆಚ್ಚು ಜನ ನಡುವೆ ಎಲ್ಲೋ ಎದ್ದು ಹೋದ್ರು. ಇವ್ರು ಬೈದೋರಲ್ಲ, ಒಂದು ಸ್ಟಾರ್ ಒತ್ತಿದೋರಲ್ಲ, ಬೋರಾಯ್ತು ಬಿಟ್ರು ಅಷ್ಟೇ, ಯಾಕೆ ಬಿಟ್ರಿ ಅಂತ ಅವ್ರನ್ನ ಯಾರೂ ಕೇಳ್ಲಿಲ್ಲ. ಮೊದಲ ವಾರದ ಆ ಕೂಗಾಟದಲ್ಲಿ ಇವ್ರ ಸುಳಿವೂ ಇರ್ಲಿಲ್ಲ. ಕಂಪನಿ ತೋರಿಸಿದ 2.5 ಕೋಟಿಯಲ್ಲಿ ಇವ್ರೂ ಇದ್ರು, ನಿಮ್ಮ 'ಅಭಿಮಾನಿಗಳು ಗರಂ' ಸುದ್ದಿಯಲ್ಲಿ ಇರ್ಲಿಲ್ಲ.

ಶುರುವಿನ ಎಪಿಸೋಡ್ ಬಗ್ಗೆ ಬರೋ ಮಾತಿಗೆ ಬೆಲೆನೇ ಇಲ್ಲ ಅಂತ ನಾನು ಹೇಳ್ತಿಲ್ಲ, ತುಂಬಾ ಇದೆ. 'ಗೇಮ್ ಆಫ್ ಥ್ರೋನ್ಸ್' ಅನ್ನೋ ಫ್ಯಾಂಟಸಿ ಸೀರೀಸ್‌ನ ಮೊದಲ ಎಪಿಸೋಡನ್ನ ಒಂದು ಸಲ ಪೂರ್ತಿ ತೆಗೆದು ಪರಿಚಯದವರಿಗೆ ತೋರ್ಸಿದಾಗ ಕೆಲವರಿಗೆ ಜೇಮಿ ಮತ್ತೆ ಸರ್ಸೇ ಅನ್ನೋ ಪಾತ್ರಗಳು ಒಡಹುಟ್ಟಿದೋರು ಅನ್ನೋದೇ ಗೊತ್ತಾಗ್ಲಿಲ್ಲವಂತೆ, ಆ ಎಪಿಸೋಡ್ ನಿಂತಿರೋದೇ ಆ ವಿಷಯದ ಮೇಲೆ. ತಯಾರಕರೇ ಇದನ್ನ ಆಮೇಲೆ ಹೇಳ್ಕೊಂಡಿದಾರೆ. ಹೆಚ್ಚಿನ ಭಾಗ ಮತ್ತೆ ಶೂಟ್ ಮಾಡಿದ್ರು, ಡನೇರಿಸ್ ಪಾತ್ರಕ್ಕೆ ಎಮಿಲಿಯಾ ಕ್ಲಾರ್ಕ್ ಬಂದಿದ್ದೂ ಆಗ್ಲೇ. 2011ರ ಏಪ್ರಿಲ್ 17ಕ್ಕೆ ಪ್ರಸಾರ ಆದಾಗ ಅಮೆರಿಕದಲ್ಲಿ ಮೊದಲ ಸಲ ನೋಡಿದ್ದು ಬರೀ 22 ಲಕ್ಷ ಜನ, 2019ರ ಕೊನೇ ಎಪಿಸೋಡ್ ಹೊತ್ತಿಗೆ ಮರುಪ್ರಸಾರ, ಸ್ಟ್ರೀಮಿಂಗ್ ಎಲ್ಲ ಸೇರಿ ಅದು 1.9 ಕೋಟಿ ದಾಟಿತ್ತು. 'ಇವ್ರಿಬ್ರು ಒಡಹುಟ್ಟಿದೋರು ಅಂತ ಗೊತ್ತಾಗ್ಲಿಲ್ಲ' ಅನ್ನೋ ಒಂದು ಮಾತು ಸಾವಿರ 'ಥೂ' ಗಿಂತ, ಸಾವಿರ 'ವಾವ್' ಗಿಂತ ಕೆಲಸಕ್ಕೆ ಬಂತು. ಯಾಕಂದ್ರೆ ಅದನ್ನ ಹೇಳಿದೋರು ನೋಡಿದ್ರು, ಎಲ್ಲಿ ಎಡವಿದ್ವಿ ಅನ್ನೋದನ್ನ ಬೆರಳಿಟ್ಟು ತೋರ್ಸಿದ್ರು.

ಇದಕ್ಕೆ ಉಲ್ಟಾ ಆಗಿದ್ದೂ ಇದೆ. ಕಾದಂಬರಿ ಆಧರಿಸಿದ ಇನ್ನೊಂದು ಫ್ಯಾಂಟಸಿ ಸೀರೀಸ್ 'ದಿ ವೀಲ್ ಆಫ್ ಟೈಮ್' 2021ರ ನವೆಂಬರ್‌ನಲ್ಲಿ ಬಂದಾಗ ಮೊದಲ ಎಪಿಸೋಡಲ್ಲೇ ಪೆರಿನ್ ಅನ್ನೋ ಮುಖ್ಯ ಪಾತ್ರಕ್ಕೆ ಪುಸ್ತಕದಲ್ಲಿ ಇಲ್ಲದ ಹೆಂಡ್ತಿಯನ್ನ ಸೃಷ್ಟಿ ಮಾಡಿ, ಅವನ ಕೈಯಿಂದ್ಲೇ ತಪ್ಪಿ ಸಾಯೋ ಹಾಗೆ ಮಾಡಿದ್ರು, ಪುಸ್ತಕ ಓದಿದೋರು ಬಹಳ ನೊಂದ್ಕೊಂಡ್ರು, ಆ ನೋವು ನ್ಯಾಯವಾದದ್ದೇ. ಆಮೇಲೆ ಮೂರನೇ ಸೀಸನ್ ಹೊತ್ತಿಗೆ ಸೀರೀಸ್ ನಿಜಕ್ಕೂ ಚೆನ್ನಾಗಿ ಬಂತು, ಒಳ್ಳೇ ಹೆಸರೂ ಬಂತು, ಅಷ್ಟೊತ್ತಿಗೆ ತಡವಾಗಿತ್ತು, 2025ರ ಮೇನಲ್ಲಿ ನಿಲ್ಲಿಸೇಬಿಟ್ರು. ಮೊದಲ ವಾರ ಇದರ ಬಗ್ಗೆ ಬಂದಷ್ಟು ಸುದ್ದಿಯಲ್ಲಿ ಕಾಲು ಭಾಗ ಆ ಮೂರನೇ ಸೀಸನ್‌ಗೆ ಬಂದಿದ್ರೂ ಎಷ್ಟೋ ಜನ ವಾಪಸ್ ಬಂದು ನೋಡ್ತಿದ್ರೇನೋ ಅಂತ ಈಗ್ಲೂ ಹೊಟ್ಟೆ ಉರಿಯುತ್ತೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಹೊಸ ಸೀರೀಸ್ ಶುರುವಾದಾಗ ಪೋಸ್ಟ್‌ಗಳನ್ನ ಜೋಡಿಸಿ ಸುದ್ದಿ ಮಾಡೋ ಬದಲು ಪೂರ್ತಿ ನೋಡಿದ ಒಬ್ರ ಕೈಲಿ ಬರೆಸಿ, ಎಷ್ಟು ಎಪಿಸೋಡ್ ನೋಡಿ ಬರೆದಿದ್ದು ಅಂತ ಕೆಳಗೆ ಒಂದು ಸಾಲು ಹಾಕಿ. ಸೀಸನ್ ಮುಗಿದ್ಮೇಲೆ ಅದೇ ವ್ಯಕ್ತಿಯಿಂದ ಇನ್ನೊಂದು ಸಲ ಬರೆಸಿ, ಅಭಿಪ್ರಾಯ ಬದಲಾಗಿದ್ರೆ ಯಾಕೆ ಬದಲಾಯ್ತು ಅಂತ ಬರೀಲಿ. ನಟನಟಿಯರ ಮೈಬಣ್ಣಕ್ಕೆ ಬಂದ ಬೈಗುಳವನ್ನ ಅಭಿಮಾನಿಗಳ ಅಸಮಾಧಾನ ಅಂತ ಬರೀಬೇಡಿ, ಅದನ್ನ ದ್ವೇಷ ಅಂತಲೇ ಬೇರೆ ಸುದ್ದಿಯಾಗಿ ಬರೀರಿ, ಕಥೆ ಬಗ್ಗೆ ಬಂದ ಟೀಕೆಗೆ ಅದರದ್ದೇ ಜಾಗ ಕೊಡಿ. ನಡುವಲ್ಲೇ ನೋಡೋದು ಬಿಟ್ಟ ಓದುಗರನ್ನ ಯಾವ ಸೀನಿಗೆ ಬಿಟ್ರಿ ಅಂತ ಕೇಳಿ ಅವ್ರ ಪತ್ರಗಳನ್ನೂ ಹಾಕಿ, ವಾರಕ್ಕೆ ಅರ್ಧ ಕಾಲಂ ಸಾಕು, ಬರೆಯೋಕೆ ನಾವಿದೀವಿ.

ಇತಿ,
ನಿಮ್ಮ ಸಿನಿಮಾ ಪುಟದ ಓದುಗ