ಲೆಕ್ಕ ತಪ್ಪಿ ಬೆಳೆದ ಕಾಡು

ಪೂಲ್, ಡಾರ್ಸೆಟ್, ಇಂಗ್ಲೆಂಡ್
ಸೆಪ್ಟೆಂಬರ್ ಕೊನೆಯ ಭಾನುವಾರ

ಪ್ರೀತಿಯ ಅಪ್ಪಾಜಿ, ಅಮ್ಮ ಮತ್ತು ತಮ್ಮನಿಗೆ,

ನಾನು ಆರಾಮಾಗಿದ್ದೇನೆ. ದಿನಾ ಫೋನಿನಲ್ಲಿ ಮಾತಾಡ್ತೀವಿ, ಮತ್ತೆ ಕಾಗದ ಯಾಕೆ ಅಂತ ತಮ್ಮ ನಗಬಹುದು. ಫೋನಿನಲ್ಲಿ ಶುರು ಮಾಡಿದರೆ ಅಮ್ಮ ಮಧ್ಯದಲ್ಲಿ "ಊಟ ಆಯ್ತಾ" ಅಂತ ಕೇಳುತ್ತಾಳೆ. ಅಲ್ಲಿಗೆ ಕಥೆ ಮುಗಿದಂತೆ. ಇದು ಸ್ವಲ್ಪ ಉದ್ದದ ಕಥೆ.

ಅಪ್ಪಾಜಿ, ನೀವು ಕೇಳುತ್ತಲೇ ಇದ್ದಿರಲ್ಲ, ಆ ಬ್ರೌನ್‌ಸೀ ದ್ವೀಪಕ್ಕೆ ಹೋಗಿ ಬಂದೆ. ಕೊಂಡಜ್ಜಿ ಕ್ಯಾಂಪಿನಲ್ಲಿ ನಿಮಗೆ ಸ್ಕೌಟ್ ಮೇಷ್ಟ್ರು ಹೇಳಿಕೊಟ್ಟ ಅದೇ ದ್ವೀಪ. 1907ರ ಆಗಸ್ಟ್ 1ರಂದು, ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ಇಪ್ಪತ್ತು ಚಿಲ್ಲರೆ ಹುಡುಗರನ್ನು ಕರೆದುಕೊಂಡು ಟೆಂಟ್ ಹಾಕಿದ ಜಾಗದಲ್ಲಿ ಈಗ ಒಂದು ಕಲ್ಲು ನಿಲ್ಲಿಸಿದ್ದಾರೆ. ಫೋಟೋ ಕಳಿಸಿದ್ದೇನೆ. ದೊಡ್ಡ ಶಾಲೆಯ ಸಾಹುಕಾರರ ಮಕ್ಕಳನ್ನೂ ಪೂಲ್, ಬೋರ್ನ್‌ಮತ್‌ನ ಕೂಲಿಕಾರರ ಮಕ್ಕಳನ್ನೂ ಅವನು ಒಂದೇ ಟೆಂಟಿನಲ್ಲಿ ಮಲಗಿಸಿದ್ದ. ತೋಳ, ಗೂಳಿ, ಕರ್ಲ್ಯೂ ಹಕ್ಕಿ, ರೇವನ್ ಕಾಗೆ ಅಂತ ನಾಲ್ಕು ತಂಡ. ಬೆಳಿಗ್ಗೆ ಎಬ್ಬಿಸೋಕೆ ಆಫ್ರಿಕಾದಿಂದ ತಂದ ಕುಡು ಜಿಂಕೆಯ ಕೊಂಬು ಊದುತ್ತಿದ್ದ. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಬರೆಯಬೇಕು ಅಂದುಕೊಂಡಿದ್ದು ಆ ಕಾಡಿನ ಬಗ್ಗೆ.

ಪೂಲ್ ಬಂದರು ಅಂದರೆ ಸಮುದ್ರ ಒಳಗೆ ನುಗ್ಗಿ ಆದ ದೊಡ್ಡ ಹಿನ್ನೀರು. ಬಾಯಿ ಕಿರಿದು, ಒಳಗೆ ಬಹಳ ಅಗಲ. ಅದರಲ್ಲಿರುವ ದ್ವೀಪಗಳಲ್ಲೆಲ್ಲ ದೊಡ್ಡದು ಬ್ರೌನ್‌ಸೀ. ದೊಡ್ಡದು ಅಂದರೂ ಸುಮಾರು 500 ಎಕರೆ ಅಷ್ಟೇ, ಒಂದೂವರೆ ಮೈಲಿ ಉದ್ದ. ಬೋಟಿನಿಂದ ನೋಡಿದರೆ ಪೈನ್ ಮರಗಳು ದಟ್ಟವಾಗಿ ಕಾಣುತ್ತವೆ. ಯಾರೂ ಕೈ ಹಾಕದೆ ಉಳಿದ ಕಾಡು ಅನ್ನಿಸುತ್ತದೆ. ಅದು ಬರೀ ಅನ್ನಿಸಿಕೆ. ಅಲ್ಲಿರುವ ಒಂದೊಂದಕ್ಕೂ ಹಿಂದೆ ಒಬ್ಬ ಯಜಮಾನ ಇದ್ದಾನೆ. ಅವನದೊಂದು ಲೆಕ್ಕಾಚಾರ ಇದೆ. ಬಹಳ ಸಲ ಆ ಲೆಕ್ಕ ತಪ್ಪಿದೆ.

ಮೊದಲು ಅಲ್ಲಿ ಹೀದರ್ ಅನ್ನುವ ಕುರುಚಲು ಗಿಡವೇ ಜಾಸ್ತಿ ಇತ್ತು. ಮರಳು ಮಿಶ್ರಿತ ಹುಳಿ ಮಣ್ಣು, ಬೆಳೆಗೆ ಆಗಿಬರುವುದಿಲ್ಲ. 1547ರಲ್ಲಿ ಎಂಟನೇ ಹೆನ್ರಿ ಬಂದರು ಕಾಯಲು ಒಂದು ಸಣ್ಣ ಕೋಟೆ ಕಟ್ಟಿಸಿದ. ಆಮೇಲೆ ಅನ್ನಭೇದಿ ತಯಾರಿಸುವವರು ಬಂದರು. ಅಮ್ಮ, ಹಿಂದೆ ಶಾಯಿ ಮಾಡಲು, ಬಟ್ಟೆಗೆ ಬಣ್ಣ ಹಾಕಲು ಬಳಸುತ್ತಿದ್ದರಲ್ಲ, ಅದೇ ಅನ್ನಭೇದಿ. ದಂಡೆಯಲ್ಲಿ ಸಿಗುವ ಒಂದು ಬಗೆಯ ಕಲ್ಲನ್ನು ಆರಿಸಿ ತಂದು, ತೋಟದ ಮಡಿಯಂತೆ ಹರಡಿ ಬಿಸಿಲು ಮಳೆಗೆ ಬಿಡುತ್ತಿದ್ದರು. ಅದರಿಂದ ಇಳಿದ ನೀರನ್ನು ದೊಡ್ಡ ಕಬ್ಬಿಣದ ಬಾಣಲೆಗಳಲ್ಲಿ ಕುದಿಸುತ್ತಿದ್ದರು. 1690ರ ಸುಮಾರಿಗೆ ಸೀಲಿಯಾ ಫಿಯೆನ್ಸ್ ಅನ್ನುವ ಹೆಂಗಸು ಕುದುರೆ ಏರಿ ಇಂಗ್ಲೆಂಡನ್ನೆಲ್ಲ ಸುತ್ತಿದ್ದಳು. ಅವಳು ಇದನ್ನು ಕಣ್ಣಾರೆ ನೋಡಿ ಬರೆದಿಟ್ಟಿದ್ದಾಳೆ. ಅಂದರೆ ಈಗ ಜನ ಶಾಂತಿ ಹುಡುಕಿಕೊಂಡು ಬರುವ ಜಾಗ ಆಗ ಒಂದು ಫ್ಯಾಕ್ಟರಿ.

ಮರಗಳು ಬಂದದ್ದು ಶ್ರೀಮಂತರ ಜೊತೆ. 1726ರಲ್ಲಿ ವಿಲಿಯಂ ಬೆನ್ಸನ್ ಅನ್ನುವ ಮಾಜಿ ಎಂಪಿ ಬರೀ 300 ಪೌಂಡಿಗೆ ದ್ವೀಪ ಕೊಂಡು, ಕೋಟೆಯನ್ನು ಮನೆ ಮಾಡಿಕೊಂಡ. ಬಗೆಬಗೆಯ ಮರಗಳನ್ನು ತಂದು ನೆಟ್ಟವನು ಅವನೇ. ಅವನ ನಂತರ ಬಂದವರೂ ತಮ್ಮ ತಮ್ಮ ಖುಷಿಗೆ ಕಾಡು, ತೋಟ ಬೆಳೆಸಿದರು. 1896ರಲ್ಲಿ ಜಪಾನಿನ ಸಿಕಾ ಜಿಂಕೆ ತಂದು ಬಿಟ್ಟರು. ಅವುಗಳಲ್ಲಿ ಕೆಲವು ಸುಮ್ನೆ ಈಜಿಕೊಂಡು ಆಚೆ ದಡ ಸೇರಿಬಿಟ್ಟವು!

ಈಗ ನನಗೆ ತುಂಬಾ ಇಷ್ಟವಾದ ಮನುಷ್ಯನ ಕಥೆ. ಕರ್ನಲ್ ವಾ ಅಂತ ಅವನ ಹೆಸರು. 1852ರಲ್ಲಿ ದ್ವೀಪ ಕೊಂಡ. ಇಲ್ಲಿರುವುದು ಪಿಂಗಾಣಿಗೆ ಆಗುವ ಬಿಳಿ ಜೇಡಿ, ಅದರಿಂದ ಕೋಟಿಗಟ್ಟಲೆ ದುಡಿಯಬಹುದು ಅಂತ ನಂಬಿದ್ದ. ಸಾಲ ತಂದು ಕಾರ್ಖಾನೆ ಕಟ್ಟಿದ, ಚರ್ಚು ಕಟ್ಟಿದ, ಕೆಲಸಗಾರರಿಗೆ ಮನೆ ಕಟ್ಟಿ ಆ ಊರಿಗೆ ಹೆಂಡತಿ ಮೇರಿಯ ಹೆಸರಿನಲ್ಲಿ ಮೇರಿಲ್ಯಾಂಡ್ ಅಂತ ಕರೆದ. ಸಮುದ್ರಕ್ಕೆ ಅಡ್ಡ ಇಟ್ಟಿಗೆ ಗೋಡೆ ಹಾಕಿ, ಒಂದು ಕೊಲ್ಲಿಯ ನೀರು ಹೊರಹಾಕಿ ಹುಲ್ಲುಗಾವಲನ್ನೂ ಮಾಡಿಸಿದ. ಕೊನೆಗೆ ನೋಡಿದರೆ ಆ ಮಣ್ಣು ಚರಂಡಿ ಪೈಪಿಗೆ ಮಾತ್ರ ಲಾಯಕ್ಕು. ಊರಿನವರು ಇನ್ನೂ ಒಂದು ಕಥೆ ಹೇಳುತ್ತಾರೆ. ನೀವು ಪಾರ್ಲಿಮೆಂಟಿಗೆ ನಿಲ್ಲಬೇಕು ಅಂತ ಕೇಳಲು ಪೂಲ್‌ನ ವರ್ತಕರು ಅವನ ಮನೆಗೆ ಹೋದರಂತೆ. ಸಾಲಗಾರರು ಬಂದರು ಅಂತ ತಿಳಿದ ಹೆಂಡತಿ, ಸ್ವಲ್ಪ ಟೈಮ್ ಕೊಡಿ ಅಂತ ಗೋಗರೆದಳಂತೆ. ಗುಟ್ಟು ರಟ್ಟಾಯಿತು. ನಿಜವೋ ಕಟ್ಟುಕಥೆಯೋ, ಗಂಡ ಹೆಂಡತಿ 1857ರಲ್ಲಿ ಸ್ಪೇನಿಗೆ ಓಡಿಹೋದದ್ದಂತೂ ನಿಜ. ದಕ್ಷಿಣದ ದಂಡೆಯಲ್ಲಿ ಈಗಲೂ ಕಾಲಿಟ್ಟಲ್ಲೆಲ್ಲ ಒಡೆದ ಪೈಪಿನ ಚೂರುಗಳೇ.

ವ್ಯಾನ್ ರಾಲ್ಟೆ ಅನ್ನುವ ಕುಟುಂಬದ್ದು ಪಾರ್ಟಿ, ಬೇಟೆಯ ಕಾಲ. ಬೇಡನ್ ಪೊವೆಲ್‌ಗೆ ಜಾಗ ಕೊಟ್ಟವರು ಅವರೇ. ಅದನ್ನು ಬಿಟ್ಟು ಮುಂದೆ ಹೋಗೋಣ, ಯಾಕೆಂದರೆ 1927ರಲ್ಲಿ ಬರುತ್ತಾಳೆ ಮೇರಿ ಬಾನಮ್-ಕ್ರಿಸ್ಟಿ.

1,25,000 ಪೌಂಡ್ ಕೊಟ್ಟು ದ್ವೀಪ ಕೊಂಡ ಈ ಅಜ್ಜಿ ಮಾಡಿದ ಮೊದಲ ಕೆಲಸ ಬಾಗಿಲು ಹಾಕಿದ್ದು. ಯಾವ ಪ್ರಾಣಿಯನ್ನೂ ಕೊಲ್ಲಕೂಡದು, ಬೇಟೆ ಬೇಡ, ಮೀನು ಹಿಡಿಯೋದೂ ಬೇಡ. ಸಾಕಿದ ದನಕರುಗಳನ್ನೂ ಬಿಟ್ಟುಬಿಟ್ಟಳು. ಅಲ್ಲಿ ದುಡಿಯುತ್ತಿದ್ದ ಜನರನ್ನೂ ಖಾಲಿ ಮಾಡಿಸಿದಳು. ಹೇಳದೆ ಕೇಳದೆ ದಂಡೆಗೆ ಇಳಿದವರನ್ನು ಎತ್ತಿ ಹೊರಹಾಕಲು ಸ್ಕ್ಯಾಂಡಿನೇವಿಯಾ ಕಡೆಯ ಗಟ್ಟಿಮುಟ್ಟಾದ ಹೆಂಗಸೊಬ್ಬಳನ್ನು ಕಾವಲಿಗೆ ಇಟ್ಟಿದ್ದಳು. ಸ್ಕೌಟ್‌ಗಳ ಮೇಲೆ ಮಾತ್ರ ಮೊದಮೊದಲು ಸ್ವಲ್ಪ ಕರುಣೆ ಇತ್ತು. 1932ರಲ್ಲಿ, ಆ ಮೊದಲ ಕ್ಯಾಂಪಿನ ಬೆಳ್ಳಿಹಬ್ಬಕ್ಕೆ, 500 ಹುಡುಗರಿಗೆ ಟೆಂಟ್ ಹಾಕಲು ಬಿಟ್ಟಳು. ಆದರೆ 1934ರಲ್ಲಿ ಸೀ ಸ್ಕೌಟ್‌ಗಳು ಅಲ್ಲಿದ್ದಾಗಲೇ ಬೆಂಕಿ ಬಿತ್ತು. ಪಶ್ಚಿಮದಿಂದ ಪೂರ್ವಕ್ಕೆ ದ್ವೀಪದ ಮುಕ್ಕಾಲು ಪಾಲು ಸುಟ್ಟುಹೋಯಿತು. ಗಾಳಿ ದಿಕ್ಕು ಬದಲಿಸಿದ್ದಕ್ಕೆ ಕೋಟೆ, ಮನೆಗಳು ಉಳಿದವು. ಬೆಂಕಿ ಹತ್ತಿದ್ದು ಹುಡುಗರು ಇದ್ದ ಕಡೆ ಅಲ್ಲ, ಹಚ್ಚಿದ್ದು ಯಾರು ಅಂತ ಗೊತ್ತಾಗಲೂ ಇಲ್ಲ. ಆದರೂ ಅಜ್ಜಿ ತಪ್ಪನ್ನು ಅವರ ತಲೆಗೇ ಕಟ್ಟಿದಳು. 1961ರಲ್ಲಿ ತಾನು ಸಾಯುವ ತನಕ ಒಬ್ಬ ಸ್ಕೌಟನ್ನೂ ಒಳಗೆ ಬಿಡಲಿಲ್ಲ. ಅಪ್ಪಾಜಿ, ನಿಮಗೆ ಕೋಪ ಬರುತ್ತದೆ, ಗೊತ್ತು.

ಆದರೆ ನನಗೆ ಈ ಮೊಂಡು ಅಜ್ಜಿಯನ್ನು ಬೈಯಲು ಮನಸ್ಸು ಬರುವುದಿಲ್ಲ. ಕೆಲಸ ಕಳೆದುಕೊಂಡವರ ಬಗ್ಗೆ ಯೋಚಿಸಿದರೆ ಅವಳು ಕ್ರೂರಿ, ಅದರಲ್ಲಿ ಎರಡು ಮಾತಿಲ್ಲ. ಅವಳು ಇರದಿದ್ದರೆ ಆ ದ್ವೀಪ ಈಗ ಬಂಗಲೆಗಳ ಸಾಲು ಆಗಿರುತ್ತಿತ್ತು ಅಂತಲೂ ಅನ್ನಿಸುತ್ತದೆ. ಎದುರಿಗೇ ಸ್ಯಾಂಡ್‌ಬ್ಯಾಂಕ್ಸ್ ಇದೆ, ಬ್ರಿಟನ್ನಿನಲ್ಲೇ ಭಾರಿ ದುಬಾರಿ ಜಾಗ. ಕರ್ನಲ್ ಕಟ್ಟಿಸಿದ ಗೋಡೆಯ ಒಳಗಿನ ಹುಲ್ಲುಗಾವಲು ಒಣಗಿರಬೇಕೆಂದರೆ ನೀರು ಪಂಪ್ ಮಾಡುತ್ತಲೇ ಇರಬೇಕಿತ್ತು. ಅಜ್ಜಿಯ ಕಾಲದಲ್ಲಿ ಅದು ನಿಂತಿತು. ನೀರು ತುಂಬಿಕೊಂಡು ಲಗೂನ್, ಅಂದರೆ ದಂಡೆಯ ಪಕ್ಕದ ಆಳವಿಲ್ಲದ ಕೊಳ ಆಯಿತು. ಈಗ ಅಲ್ಲಿ ಬೇಸಿಗೆಯಲ್ಲಿ ಟರ್ನ್ ಹಕ್ಕಿಗಳು ಮರಿ ಮಾಡುತ್ತವೆ. ಚಳಿಗಾಲದಲ್ಲಿ ಕೊಕ್ಕು ಮೇಲಕ್ಕೆ ಬಾಗಿದ ಅವೊಸೆಟ್‌ಗಳು ಗುಂಪುಗುಂಪಾಗಿ ಬರುತ್ತವೆ. ಚಮಚದ ಕೊಕ್ಕಿನ ಹಕ್ಕಿಯೂ ಬರುತ್ತದೆ. ರಂಗನತಿಟ್ಟಿನಲ್ಲಿ ದೋಣಿಯಿಂದ ನೋಡಿದ್ದೆವಲ್ಲ, ಅದೇ ಜಾತಿ ಅಮ್ಮ! ಪಿಂಗಾಣಿ ಸಿಗದವನ ಗೋಡೆ, ಪಂಪ್ ನಿಲ್ಲಿಸಿದವಳ ಹಟ, ಎರಡೂ ಸೇರಿ ಹಕ್ಕಿಗಳಿಗೆ ಮನೆ ಆಯಿತು.

ಎರಡನೇ ಮಹಾಯುದ್ಧದಲ್ಲೂ ದ್ವೀಪಕ್ಕೆ ಒಂದು ಕೆಲಸ ಸಿಕ್ಕಿತು. ಪಶ್ಚಿಮದ ತುದಿಯಲ್ಲಿ ಬೇಕೆಂದೇ ಬೆಂಕಿ ಉರಿಸಿ, ಊರು ಹತ್ತಿ ಉರಿಯುತ್ತಿದೆ ಅಂತ ಜರ್ಮನ್ ವಿಮಾನಗಳಿಗೆ ಮೋಸ ಮಾಡುತ್ತಿದ್ದರು. ಪೂಲ್ ಮೇಲೆ ಬೀಳಬೇಕಿದ್ದ ಬಾಂಬುಗಳು ಕಾಡಿನ ಮೇಲೆ ಬಿದ್ದವು. ಜನ ಬಿಟ್ಟುಹೋಗಿದ್ದ ಮೇರಿಲ್ಯಾಂಡ್ ಪುಡಿಯಾಯಿತು.

ಅಜ್ಜಿ ಸತ್ತ ಮೇಲೆ ಮೊಮ್ಮಗ ತೆರಿಗೆ ಬದಲು ದ್ವೀಪವನ್ನೇ ಸರ್ಕಾರಕ್ಕೆ ಕೊಟ್ಟ. ಹೆಲೆನ್ ಬ್ರದರ್ಟನ್ ಅನ್ನುವ ಪ್ರಕೃತಿಪ್ರೇಮಿ ಮತ್ತು ಸ್ಥಳೀಯರು ಹಟ ಹಿಡಿದು ಹಣ ಕೂಡಿಸಿದರು. 1962ರಲ್ಲಿ, ಇಂಥ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ ವಹಿಸಿಕೊಂಡಿತು. ಉತ್ತರ ಭಾಗವನ್ನು ಈಗ ಡಾರ್ಸೆಟ್ ವೈಲ್ಡ್‌ಲೈಫ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಅವರು ಒಳಗೆ ಹೋದಾಗ ಕಾಲಿಡಲು ಜಾಗ ಇರಲಿಲ್ಲವಂತೆ. ಚೆಂದಕ್ಕೆ ಅಂತ ಹಿಂದಿನವರು ನೆಟ್ಟಿದ್ದ ರೋಡೋಡೆಂಡ್ರಾನ್ ಅನ್ನುವ ಹೂವಿನ ಗಿಡ, ನಮ್ಮ ಬಂಡೀಪುರದಲ್ಲಿ ಲಂಟಾನ ಹಬ್ಬಿದ ಹಾಗೆ, ಕಾಡನ್ನೆಲ್ಲ ಮುಚ್ಚಿತ್ತು. ಅದರ ಕೆಳಗೆ ಬೇರೇನೂ ಹುಟ್ಟುವುದಿಲ್ಲ. ಅದನ್ನು ಕಡಿದು ಸುಟ್ಟು ಹತೋಟಿಗೆ ತರಲು ಸುಮಾರು 50 ವರ್ಷ ಹಿಡಿಯಿತು. ಬಹುಪಾಲು ಕೆಲಸ ಸಂಬಳವಿಲ್ಲದೆ ಬಂದವರದ್ದು. ಸುಮ್ನೆ ಬಿಟ್ಟರೆ ಕಾಡು ತಾನೇ ಸರಿಹೋಗುತ್ತದೆ ಅನ್ನುವವರು ಇದನ್ನೊಮ್ಮೆ ನೋಡಬೇಕು.

ಜನ ಬರೋದು ಮಾತ್ರ ಕೆಂಪು ಅಳಿಲು ನೋಡಲು. ಕಿವಿಯ ಮೇಲೆ ಕೂದಲಿನ ಜುಟ್ಟು. ನಮ್ಮ ಮಲೆನಾಡಿನ ಕೆಂಜಳಿಲಿನಷ್ಟು ದೊಡ್ಡದಲ್ಲ, ಅಂಗೈಗಿಂತ ಸ್ವಲ್ಪ ಉದ್ದ. ಬ್ರಿಟನ್ನಿನ ಸ್ವಂತ ಅಳಿಲು ಇದೇ. 1876ರಲ್ಲಿ ಅಮೆರಿಕದ ಬೂದು ಅಳಿಲನ್ನು ತಂದು ಬಿಟ್ಟ ಮೇಲೆ ಇದರ ಕಾಲ ಕೆಟ್ಟಿತು. ಬೂದು ಅಳಿಲಿನ ಮೈಯಲ್ಲಿರುವ ಸಿಡುಬಿನಂಥ ವೈರಸ್ ಅದಕ್ಕೆ ಏನೂ ಮಾಡದು, ಕೆಂಪು ಅಳಿಲನ್ನು ಕೊಲ್ಲುತ್ತದೆ. ಬ್ರೌನ್‌ಸೀಯಲ್ಲಿ ನಡುವೆ ನೀರು ಇರುವುದರಿಂದ ಸುಮಾರು 200 ಉಳಿದಿವೆ. 2016ರಲ್ಲಿ ವಿಜ್ಞಾನಿಗಳು ಇವುಗಳ ಮೈಯಲ್ಲಿ ಕುಷ್ಠದ ಬ್ಯಾಕ್ಟೀರಿಯಾ ಕಂಡುಹಿಡಿದರು. ಅದೂ ಎಂಥದ್ದು? ವಿಂಚೆಸ್ಟರ್‌ನಲ್ಲಿ ಸಿಕ್ಕ ಸುಮಾರು 700 ವರ್ಷ ಹಳೆಯ ಅಸ್ಥಿಪಂಜರದಲ್ಲಿದ್ದ ತಳಿಗೆ ಬಹಳ ಹತ್ತಿರದ್ದು. ಇಲ್ಲಿನ ಜನರಿಂದ ಆ ರೋಗ ಹೋಗಿ ಶತಮಾನಗಳೇ ಆದವು, ಅಳಿಲಿನಲ್ಲಿ ಉಳಿದುಕೊಂಡಿತ್ತು. ಅಮ್ಮ, ಗಾಬರಿ ಬೇಡ. ಮನುಷ್ಯರಿಗೆ ಅಪಾಯ ತೀರಾ ಕಡಿಮೆ, ಮತ್ತೆ ನಾನೇನು ಅಳಿಲನ್ನು ಮುಟ್ಟಲಿಲ್ಲ.

ತಮ್ಮಾ, ನಿನಗೊಂದು ವಿಷಯ. ದಕ್ಷಿಣದ ದಂಡೆಯನ್ನು ಸಮುದ್ರ ತಿನ್ನುತ್ತಿದೆ, ಪೈನ್ ಮರಗಳು ಬುಡಸಮೇತ ಮರಳಿಗೆ ಉರುಳಿವೆ. ನ್ಯಾಷನಲ್ ಟ್ರಸ್ಟಿನವರು ಅಲ್ಲಿದ್ದ ಹಳೆಯ ತಡೆಗೋಡೆಯ ಮರದ ಕಂಬಗಳನ್ನು ಕಿತ್ತುಹಾಕಿ, ತಿನ್ನಲಿ ಬಿಡಿ ಅಂದಿದ್ದಾರೆ. ಉಳ್ಳಾಲದಲ್ಲಿ ಲಾರಿಗಟ್ಟಲೆ ಕಲ್ಲು ಸುರಿಯೋದು ನೋಡಿದ ನಿನಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಇಲ್ಲಿ ಆ ದಂಡೆಯಲ್ಲಿ ಯಾರ ಮನೆಯೂ ಇಲ್ಲ. ಮನೆ ಇದ್ದಿದ್ದರೆ ಇಷ್ಟು ಧಾರಾಳವಾಗಿ ಮಾತಾಡುತ್ತಿದ್ದರಾ?

ಚಳಿಗಾಲದಲ್ಲಿ ಬೋಟ್ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಹಾಗಾಗಿ ನಿಮ್ಮ ವೀಸಾಕ್ಕೆ ಮೇ ತಿಂಗಳು ಅಂತಲೇ ಹಾಕೋಣ. ಟರ್ನ್‌ಗಳೂ ಆಗಲೇ ಗೂಡು ಕಟ್ಟೋದು. ಅಪ್ಪಾಜಿ, ಮಂಡಿ ನೋವಿಗೆ ಡಾಕ್ಟರ ಹತ್ತಿರ ಹೋಗಿ ಬನ್ನಿ, ಅಲ್ಲಿ ಏರು ಇಳಿಜಾರು ಜಾಸ್ತಿ ಇದೆ. ಪಾಸ್‌ಪೋರ್ಟಿನ ಮೊದಲ ಪುಟ ಸ್ಕ್ಯಾನ್ ಮಾಡಿ ಕಳಿಸಲು ತಮ್ಮನಿಗೆ ಹೇಳಿ, ಅಮ್ಮನದ್ದೂ ಸೇರಿಸಿ.

ನಿಮ್ಮ ಪ್ರೀತಿಯ ಮಗಳು