ಕರಾವಳಿ ಉತ್ಸವದಲ್ಲಿ ಖಾನಾವಳಿಗಳಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಕಾರವಾರದ ಹೆದ್ದಾರಿ ಬದಿಯಲ್ಲಿ ಹೊಸ ಹೋಟೆಲ್‌ಗಳು ತೆರೆಯುತ್ತಿರುವುದು ಸಂತೋಷವೇ. ಆದರೆ ಪೇಟೆಯೊಳಗಿನ ಹಳೆಯ ಮೀನೂಟದ ಖಾನಾವಳಿಗಳು ಬಾಗಿಲು ಹಾಕುತ್ತಿರುವುದನ್ನು ಕಂಡು ಸಂಕಟವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ತಾಜಾ ಮೀನಿನ ಬೆಲೆ ಏರಿದರೂ ಊಟದ ದರ ಏರಿಸಿದರೆ ಗಿರಾಕಿ ಬರುವುದಿಲ್ಲ, ಬಾಡಿಗೆಯಂತೂ ನಿಲ್ಲುವುದಿಲ್ಲ.

ಕರಾವಳಿ ಉತ್ಸವದ ಆಹಾರ ಮಳಿಗೆಗಳಲ್ಲಾದರೂ ಇವರಿಗೆ ಕಡಿಮೆ ಶುಲ್ಕದಲ್ಲಿ ಜಾಗ ಸಿಗಬೇಕು. ಗೋಬಿ ಮಂಚೂರಿ ಎಲ್ಲ ಊರಿನಲ್ಲೂ ಇದೆ. ತಿರಫಲವೆಂಬ ಮಸಾಲೆಕಾಯಿ ಹಾಕಿದ ಬಂಗುಡೆ ಸಾರು, ತಿಸ್ರೆ ಎಂಬ ಚಿಪ್ಪುಮೀನಿನ ಸುಕ್ಕಾ, ಊಟದ ಕೊನೆಗೆ ಕುಡಿಯಲು ಮುರುಗಲಿನ (ಕೋಕಂ) ಸೋಲ್‌ಕಡಿ: ಟ್ಯಾಗೋರ್ ಕಡಲತೀರಕ್ಕೆ ಬಂದವರಿಗೆ ಉಣಬಡಿಸಬೇಕಾದದ್ದು ಇದನ್ನು. ಜಿಲ್ಲಾಡಳಿತವು ಮಳಿಗೆ ಹಂಚಿಕೆಯ ಪ್ರಕಟಣೆಯನ್ನು ಮೊದಲೇ ಹೊರಡಿಸಿ, ಮೀನುಗಾರ ಮಹಿಳೆಯರ ಸಂಘಗಳಿಗೂ ತಿಳಿಸಲಿ.

– ಓದುಗ, ಕಾರವಾರ